5ನೇ ಸೆಲ್ ಕೆಟ್ಟಿರಲಿಲ್ಲ

ನಮ್ಮ ಮನೆಯ ಸೋಲಾರ್ ಬ್ಯಾಟರಿಯಲ್ಲಿ ಮೂರು ವಾರ ಹುಡುಕಿದ ತೊಂದರೆ ಮೊನ್ನೆ ಸಿಕ್ಕಿತು. ಎರಡು ಬೆರಳಗಲದ ಒಂದು ತಾಮ್ರದ ಪಟ್ಟಿಯ ಅಡಿಯಲ್ಲಿ ಕೂತಿತ್ತು. ಮರೆಯುವ ಮೊದಲೇ ಬರೆದಿಡುತ್ತೇನೆ. ಇದೇ ಲಕ್ಷಣ ನೋಡಿ ಒಳ್ಳೆಯ ಸೆಲ್ ಬಿಸಾಡಿದವರು ಇರಬಹುದು ಅನ್ನಿಸುತ್ತಿದೆ.

ನನ್ನ ಸೆಟಪ್ ಇಷ್ಟು: 335 ವ್ಯಾಟ್‌ನ ನಾಲ್ಕು ಪ್ಯಾನಲ್, 24 ವೋಲ್ಟ್ ಇನ್ವರ್ಟರ್, 280 ಎಎಚ್‌ನ (ಆಂಪಿಯರ್-ಅವರ್) ಎಂಟು ಎಲ್‌ಎಫ್‌ಪಿ ಅನ್ನುವ ಲಿಥಿಯಂ ಸೆಲ್, ಅವುಗಳನ್ನು ಕಾಯುವ ಬಿಎಂಎಸ್ ಬೋರ್ಡು. ಅದರಲ್ಲಿ 1 ಆಂಪಿಯರ್ ಆಕ್ಟಿವ್ ಬ್ಯಾಲೆನ್ಸರ್ ಇದೆ, ಜಾಸ್ತಿ ತುಂಬಿದ ಸೆಲ್‌ನಿಂದ ತೆಗೆದು ಉಳಿದವಕ್ಕೆ ಹಂಚುವುದು ಅದರ ಕೆಲಸ. ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆ. ಆನ್‌ಗ್ರಿಡ್ (ಬ್ಯಾಟರಿಯಿಲ್ಲದೆ ನೇರ ಲೈನ್‌ಗೆ ಜೋಡಿಸುವ ಸೋಲಾರ್) ಹಾಕಿಸಿದ್ದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ? ಹಾಗಾಗಿ ನಮಗೆ ಬ್ಯಾಟರಿ ಬೇಕೇ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಸರಿಯಿತ್ತು. ದಸರಾ ಮುಗಿದು ಮೊದಲ ಗಟ್ಟಿ ಬಿಸಿಲು ಬಿದ್ದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇನ್ವರ್ಟರ್ ಕಿರುಚಿ ಆಫ್ ಆಯಿತು. ಬ್ಯಾಟರಿ ಹೈ ವೋಲ್ಟೇಜ್ ಎರರ್. ಆ್ಯಪ್ ತೆಗೆದು ನೋಡಿದರೆ 5ನೇ ಸೆಲ್ 3.65 ವೋಲ್ಟ್ ಮುಟ್ಟಿತ್ತು, ಉಳಿದ ಏಳೂ 3.46ರ ಹತ್ತಿರ. ಬಿಎಂಎಸ್ ಚಾರ್ಜಿಂಗ್ ಕಡಿದಿತ್ತು. ತುಂಬಿ ಬರುತ್ತಿದ್ದ 38 ಆಂಪಿಯರ್‌ಗೆ ಹೋಗಲು ದಾರಿಯಿಲ್ಲದೆ ಒಳಗಿನ ವೋಲ್ಟೇಜ್ ಏರಿ ಇನ್ವರ್ಟರ್ ನಿಂತಿತ್ತು. ಮನೆಯಲ್ಲಿ ಮಿಕ್ಸಿ ಅರ್ಧಕ್ಕೆ ನಿಂತರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಇಂಬ್ಯಾಲೆನ್ಸ್, ಅಂದರೆ ಒಂದು ಸೆಲ್ ಉಳಿದವಕ್ಕಿಂತ ಜಾಸ್ತಿ ತುಂಬಿದೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಬ್ಯಾಲೆನ್ಸರ್ ಶುರುವಾಗುವ ವೋಲ್ಟೇಜನ್ನು 3.45ರಿಂದ 3.35ಕ್ಕೆ ಇಳಿಸಿದೆ, ಜಾಸ್ತಿ ಹೊತ್ತು ಕೆಲಸ ಮಾಡಲಿ ಅಂತ. ನಾಲ್ಕು ದಿನದಲ್ಲಿ ಟ್ರಿಪ್ ನಿಂತಿತು. ಮುಗಿಯಿತು ಅಂತ ಡಬ್ಬಿಯ ಮುಚ್ಚಳ ಹಾಕಿದೆ.

ಮುಂದಿನ ವಾರ ಮತ್ತೆ ಶುರು. ಈ ಸಲ ಆಟ ಬೇರೆ. ಬಿಸಿಲು ಜೋರಿದ್ದ ದಿನ 5ನೇ ಸೆಲ್ ಎಲ್ಲರಿಗಿಂತ ಮೇಲೆ ಹೋಗಿ ಚಾರ್ಜಿಂಗ್ ಕಡಿಯುತ್ತಿತ್ತು. ಮೋಡ ಮುಚ್ಚಿದ ದಿನ ಅದೇ ಸೆಲ್ 3.36ರಲ್ಲೇ ಕೂತು, 2ನೇ ಸೆಲ್ ಮೇಲೆ ಹೋಗಿ ಕಡಿಯುತ್ತಿತ್ತು. ಒಂದೇ ಸೆಲ್ ಸೋಮವಾರ ತುಂಬಿ ತುಳುಕುವುದು, ಮಂಗಳವಾರ ಖಾಲಿ ಇರುವುದು ಹೇಗೆ? ರಾತ್ರಿ ನಿದ್ದೆ ಬರಲಿಲ್ಲ.

ಸೆಲ್ ಮಾರಿದವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ "ಸೆಲ್ ಹೋಗಿದೆ ಸಾರ್, ಹೊಸದು ತಗೊಳ್ಳಿ" ಅಂದರು. ಯಾವ ಕರೆಂಟ್‌ನಲ್ಲಿ ಎಷ್ಟು ವೋಲ್ಟ್ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇವರ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ, ಅದು ಆಮೇಲೆ.

ಗುಟ್ಟು ಬಿಟ್ಟುಕೊಟ್ಟಿದ್ದು ಒಂದು ತುಂಡು ಮೋಡ. ಹನ್ನೊಂದು ಗಂಟೆಗೆ ಆ್ಯಪ್ ನೋಡುತ್ತಾ ಕೂತಿದ್ದೆ. 38 ಆಂಪಿಯರ್ ಬರುತ್ತಿತ್ತು. 5ನೇ ಸೆಲ್ 3.55, ಉಳಿದವು 3.42. ಮೋಡ ಬಂತು, ಕರೆಂಟ್ 6ಕ್ಕೆ ಇಳಿಯಿತು. ಆ ಕ್ಷಣದಲ್ಲೇ 5ನೇ ಸೆಲ್ 3.38ಕ್ಕೆ ಧೊಪ್ಪನೆ ಬಿತ್ತು. ಉಳಿದವೂ 3.38. ಮೋಡ ಸರಿಯಿತು, ಮತ್ತೆ 3.55ಕ್ಕೆ ನೆಗೆಯಿತು. ಸೆಲ್ ಹೀಗೆ ನೆಗೆಯುವುದಿಲ್ಲ. ಕರೆಂಟ್ ಜೊತೆ ತಾಳ ಹಾಕಿ ಏರಿ ಇಳಿಯುವುದು ರೆಸಿಸ್ಟೆನ್ಸ್ ಮಾತ್ರ.

ಖಾತ್ರಿ ಮಾಡಿಕೊಳ್ಳಲು ಸಂಜೆ ಇಂಡಕ್ಷನ್ ಒಲೆ ಹಚ್ಚಿದೆ. 40 ಆಂಪಿಯರ್ ಹೊರಗೆ ಹೋಗುವಾಗ ಉಳಿದ ಸೆಲ್‌ಗಳು 3.26, ಐದನೆಯದು 3.06. ಚಾರ್ಜ್ ಆಗುವಾಗ ಎಲ್ಲರಿಗಿಂತ ಮೇಲೆ, ಖರ್ಚಾಗುವಾಗ ಎಲ್ಲರಿಗಿಂತ ಕೆಳಗೆ. ಇದೊಂದು ಪರೀಕ್ಷೆಯನ್ನು ಮೊದಲ ದಿನವೇ ಮಾಡಿ. ಬರೀ ಚಾರ್ಜಿಂಗ್ ನೋಡುತ್ತಾ ಕೂತರೆ ಇಂಬ್ಯಾಲೆನ್ಸ್‌ಗೂ ಜಾಯಿಂಟ್ ತೊಂದರೆಗೂ ವ್ಯತ್ಯಾಸ ಕಾಣುವುದಿಲ್ಲ.

ಮರುದಿನ 38 ಆಂಪಿಯರ್ ಹರಿಯುತ್ತಿರುವಾಗಲೇ ಮಲ್ಟಿಮೀಟರ್ ಮಿಲಿವೋಲ್ಟ್‌ಗೆ ಇಟ್ಟು, ಒಂದು ಮುಳ್ಳು ಸೆಲ್‌ನ ಟರ್ಮಿನಲ್ ಮೇಲೆ, ಇನ್ನೊಂದು ಬಸ್‌ಬಾರ್ (ಸೆಲ್‌ನಿಂದ ಸೆಲ್‌ಗೆ ಹಾಕುವ ಪಟ್ಟಿ) ಮೇಲೆ ಒತ್ತಿ ಒಂದೊಂದೇ ಜಾಯಿಂಟ್ ಅಳೆದೆ. ಮೂರು, ನಾಲ್ಕು, ಮೂರು, ನಾಲ್ಕು. 5ನೆಯದರ ಮೈನಸ್ ಬಂದಾಗ 190! ಲೆಕ್ಕ ಹಾಕಿದರೆ 5 ಮಿಲಿಓಮ್. ಆ ಒಂದು ನಟ್‌ನ ಅಡಿಯಲ್ಲಿ 7 ವ್ಯಾಟ್ ಶಾಖ, ಅಂದರೆ ಎಲ್‌ಇಡಿ ಬಲ್ಬ್ ತಿನ್ನುವಷ್ಟು. ಮೇಲೆ ಅಕ್ರಿಲಿಕ್ ಮುಚ್ಚಳ ಇದ್ದಿದ್ದರಿಂದ ಕೈಗೆ ಬಿಸಿ ಸಿಕ್ಕಿರಲಿಲ್ಲ.

ಪ್ಯಾನಲ್ ಆಫ್ ಮಾಡಿ, ಬ್ಯಾಟರಿ ಬ್ರೇಕರ್ ಇಳಿಸಿ, ಬೆರಳಿನ ಉಂಗುರ ತೆಗೆದಿಟ್ಟು, ಇನ್ಸುಲೇಶನ್ ಟೇಪ್ ಸುತ್ತಿದ ಸ್ಪ್ಯಾನರ್‌ನಿಂದ ಬಿಚ್ಚಿದೆ. ಈ ಸೆಲ್‌ಗಳ ಮೇಲೆ ಸ್ಪ್ಯಾನರ್ ಅಡ್ಡ ಬಿದ್ದರೆ ಕಬ್ಬಿಣ ಕರಗುತ್ತದೆ, ಅವಸರ ಬೇಡ. ಬಿಚ್ಚಿದರೆ ಸೆಲ್‌ನ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಪಟ್ಟಿಯ ಮೇಲೆ ಹಸಿರು ಕಿಲುಬು.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಕಲಾಯಿ ಹೋದ ಪಾತ್ರೇಲಿ ಹುಳಿ ಇಟ್ರೆ ಹಿಂಗೇ ಆಗ್ತಿತ್ತು" ಅಂದಳು. ನೂರಕ್ಕೆ ನೂರು ಸರಿ. ಇದೇ ನನ್ನ ಎರಡನೇ ಸಿಟ್ಟು. ನಾನು ದುಡ್ಡು ಕೊಟ್ಟಿದ್ದು ಕಲಾಯಿ ಹಾಕಿದ ಏಳು ಬಸ್‌ಬಾರ್‌ಗೆ. ಪೊಟ್ಟಣದಲ್ಲಿ ಬಂದಿದ್ದು ಆರು. ಜಗಳ ಮಾಡಿದ ಮೇಲೆ ಏಳನೆಯದು ಬಂತು, ಬರೀ ತಾಮ್ರದ್ದು. ನಡೆಯುತ್ತೆ ಸಾರ್ ಅಂದರು. ನಾಲ್ಕು ತಿಂಗಳ ಮಲೆನಾಡಿನ ಥಂಡಿಯಲ್ಲಿ ಬರೀ ತಾಮ್ರ ಅಲ್ಯೂಮಿನಿಯಂಗೆ ಅಂಟಿ ಕೂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮಳೆಗಾಲದಲ್ಲಿ ಇದು ಗೊತ್ತಾಗದೇ ಇದ್ದಿದ್ದಕ್ಕೂ ಈಗ ಕಾರಣ ಸಿಕ್ಕಿತು. ಆಗ ಬರುತ್ತಿದ್ದದ್ದೇ ಐದಾರು ಆಂಪಿಯರ್. ಅಷ್ಟಕ್ಕೆ 30 ಮಿಲಿವೋಲ್ಟ್ ಕೂಡ ಏರುವುದಿಲ್ಲ.

ನುಣ್ಣನೆಯ ಉಪ್ಪುಕಾಗದದಿಂದ ಟರ್ಮಿನಲ್ ಉಜ್ಜಿ, ಐಪಿಎ ಅನ್ನುವ ಆಲ್ಕೋಹಾಲ್‌ನಲ್ಲಿ ಒರೆಸಿ, ತೆಳುವಾಗಿ ಆ್ಯಂಟಿ-ಆಕ್ಸಿಡೆಂಟ್ ಪೇಸ್ಟ್ ಸವರಿ, ಗೆಳೆಯ ಕೊಟ್ಟ ಕಲಾಯಿ ಪಟ್ಟಿ ಕೂರಿಸಿದೆ. ಟಾರ್ಕ್ ಸೆಲ್‌ನ ಡೇಟಾಶೀಟ್‌ನಲ್ಲಿ ಇದ್ದಷ್ಟೇ. ಅಳೆದರೆ 4 ಮಿಲಿವೋಲ್ಟ್.

ಆದರೂ ಮಾರನೆಯ ದಿನ ಮತ್ತೆ ಕಡಿಯಿತು! ಈ ಸಲ ಬಿಸಿಲಿನಲ್ಲೂ 2ನೇ ಸೆಲ್ ಮೇಲೆ, 5ನೆಯದು ಕೆಳಗೆ. ಐದು ನಿಮಿಷ ಸುಮ್ನೆ ಕೂತೆ. ಆಮೇಲೆ ಹೊಳೆಯಿತು. ಇಷ್ಟು ದಿನ ಬಿಎಂಎಸ್‌ಗೆ ಕಂಡಿದ್ದು ಕೆಟ್ಟ ಜಾಯಿಂಟ್‌ನದ್ದೂ ಸೇರಿದ ಸುಳ್ಳು ವೋಲ್ಟೇಜ್. 5ನೆಯದು ತುಂಬಿದೆ ಅಂತ ನಂಬಿ ಬ್ಯಾಲೆನ್ಸರ್ ಅದರಿಂದ ಕಿತ್ತು ಉಳಿದವಕ್ಕೆ ಹಂಚುತ್ತಿತ್ತು. ನಾನು 3.35ಕ್ಕೆ ಇಳಿಸಿ ಆ ಕೆಲಸಕ್ಕೆ ಇನ್ನಷ್ಟು ಸಮಯ ಕೊಟ್ಟಿದ್ದೆ. ದಿನಕ್ಕೆ ಒಂದು ಗಂಟೆ, 1 ಆಂಪಿಯರ್, ಸುಮಾರು ಹದಿನೆಂಟು ದಿನ. ಒಳ್ಳೆಯ ಸೆಲ್‌ನಿಂದ 18 ಎಎಚ್ ಹೋಗಿತ್ತು. ನಡುವೆ ಟ್ರಿಪ್ ನಿಂತಿದ್ದೂ ಇದಕ್ಕೇ. ಸೆಲ್ ಕೆಳಗಿಳಿದಷ್ಟು ಜಾಯಿಂಟ್ ತಪ್ಪು ಮುಚ್ಚಿಹೋಗಿತ್ತು, ಕಿಲುಬು ಇನ್ನಷ್ಟು ಬೆಳೆಯುವವರೆಗೆ.

ಬೆಂಚ್ ಸಪ್ಲೈ (ಬೇಕಾದ ವೋಲ್ಟೇಜ್, ಕರೆಂಟ್ ಇಟ್ಟುಕೊಳ್ಳುವ ಮೇಜಿನ ಪವರ್ ಸಪ್ಲೈ) 3.60 ವೋಲ್ಟ್, 10 ಆಂಪಿಯರ್‌ಗೆ ಇಟ್ಟು 5ನೇ ಸೆಲ್‌ಗೆ ಮಾತ್ರ ಕೊಟ್ಟೆ. ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ಲೆಕ್ಕ ಎಷ್ಟು ಚೆನ್ನಾಗಿ ಕೂಡಿತು ನೋಡಿ! ಆ ಸಂತೋಷಕ್ಕೆ ಎರಡು ಲೋಟ ಕಾಫಿ ಕುಡಿದೆ. ಬ್ಯಾಲೆನ್ಸರ್‌ನ್ನು ಮತ್ತೆ 3.45ಕ್ಕೆ ಏರಿಸಿದ್ದೇನೆ.

ಈ ಗಲಾಟೆಯ ನಡುವೆಯೇ ಇನ್ನೊಂದು ಯೋಚನೆ ತಲೆಗೆ ಹೊಕ್ಕಿದೆ. ಬ್ಯಾಟರಿ ಹನ್ನೊಂದೂವರೆಗೇ ತುಂಬಿದರೆ ಉಳಿದ ಬಿಸಿಲೆಲ್ಲ ವ್ಯರ್ಥ. ಅಡಿಕೆ ಕೊಯ್ಲು ಶುರುವಾಗಿದೆ, ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಮನೆ ಇದೆ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಬ್ಯಾಟರಿ ತುಂಬಿದ ಕೂಡಲೇ 24 ವೋಲ್ಟ್‌ನ ಎರಡು ಡಿಸಿ ಫ್ಯಾನ್ ತಿರುಗಿ ಆ ತೇವವನ್ನು ಹೊರಗೆ ದೂಡಬೇಕು. ರಿಲೇ ಮತ್ತು ಇಎಸ್‌ಪಿ32 ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡು ಆಗಲೇ ಮೇಜಿನ ಮೇಲಿವೆ. ಅದೇ ಇಎಸ್‌ಪಿ32 ಬಿಎಂಎಸ್‌ನಿಂದ ಪ್ರತಿ ಸೆಲ್‌ನ ವೋಲ್ಟೇಜ್ ಓದಿ, ಕರೆಂಟ್ ಬದಲಾದಾಗ ಎಷ್ಟು ನೆಗೆಯಿತು ಅಂತ ಬರೆದಿಡಲಿ. ಮುಂದಿನ ಮಳೆಗಾಲದಲ್ಲಿ ಕಿಲುಬು ಶುರುವಾದ ವಾರವೇ ಗೊತ್ತಾಗುತ್ತದೆ.

ಈಗ ಹನ್ನೊಂದು ಇಪ್ಪತ್ತು. 37 ಆಂಪಿಯರ್ ಬರುತ್ತಿದೆ. ಎಂಟೂ ಸೆಲ್ 3.44ರಿಂದ 3.46ರ ಒಳಗಿವೆ. ಭಾನುವಾರ ಉಳಿದ ಆರು ಪಟ್ಟಿಗಳನ್ನೂ ಬಿಚ್ಚಿ ನೋಡುತ್ತೇನೆ.