ಖಳನಾಯಕಿಯ ಅಪ್ಪನಾಗಿ ಮರುಹುಟ್ಟು

ಜಪಾನಿನ ವೆಬ್ ಕಾದಂಬರಿಗಳನ್ನು ಓದುವವರಿಗೆ ಚಿರಪರಿಚಿತವಾದ ಕಥಾಹಂದರವೊಂದಿದೆ. ಇಂದಿನ ಕಾಲದ ಸಾಧಾರಣ ಹೆಣ್ಣುಮಗಳೊಬ್ಬಳು ಸತ್ತು, ತಾನು ಹಿಂದೆ ಆಡಿದ್ದ ಗೇಮಿನ ಅಥವಾ ಓದಿದ್ದ ಕಾದಂಬರಿಯ ಲೋಕದಲ್ಲಿ ಮತ್ತೆ ಹುಟ್ಟುತ್ತಾಳೆ; ಹುಟ್ಟುವುದು ಮಾತ್ರ ಕಥೆಯ ನಾಯಕಿಯಾಗಿ ಅಲ್ಲ, ನಾಯಕಿಯನ್ನು ಕಾಡಿಸಿ, ಕೊನೆಗೆ ತುಂಬಿದ ಸಭೆಯಲ್ಲಿ ರಾಜಕುಮಾರನಿಂದ ನಿಶ್ಚಿತಾರ್ಥ ಮುರಿಸಿಕೊಂಡು, ಗಡೀಪಾರಿಗೋ ಮರಣದಂಡನೆಗೋ ಗುರಿಯಾಗುವ ದೊಡ್ಡಮನೆಯ ಹುಡುಗಿಯಾಗಿ. ತನಗೆ ಕಾದಿರುವ ಕೊನೆ ಮೊದಲೇ ತಿಳಿದಿರುವುದರಿಂದ ಅವಳು ಅದನ್ನು ತಪ್ಪಿಸಿಕೊಳ್ಳಲು ಹೆಣಗುತ್ತಾಳೆ. ಈ ಬಗೆಯ ಕಥೆಗಳಿಗೆ ಒಂದು ಕವಲೂ ಇದೆ: ಅದರಲ್ಲಿ ಹಿಂದಿನ ಜನ್ಮದ ನೆನಪಿನೊಂದಿಗೆ ಹುಟ್ಟುವವನು ಆ ಹುಡುಗಿಯ ತಂದೆ. ತೊಟ್ಟಿಲಲ್ಲಿರುವ ಮಗಳು ಹದಿನೇಳೋ ಹದಿನೆಂಟೋ ವರ್ಷಗಳ ನಂತರ ವಧಸ್ಥಾನದ ಮೆಟ್ಟಿಲು ಹತ್ತಲಿದ್ದಾಳೆಂಬುದು ಅವನೊಬ್ಬನಿಗೇ ಗೊತ್ತಿರುತ್ತದೆ.

ಹೆಣ್ಣುಮಗಳ ತಂದೆಯಾದ ನನಗೆ ಈ ಕವಲಿನ ಮೇಲೆ ವಿಶೇಷ ಆಸಕ್ತಿ ಬೆಳೆದಿದೆ. ಮಗಳ ಒತ್ತಾಯಕ್ಕೆ ಇಂಗ್ಲಿಷ್ ಅನುವಾದಗಳಲ್ಲಿ ಓದಲು ಆರಂಭಿಸಿದೆ. ಈಗ ಅವಳು ಬೇರೇನನ್ನೋ ಓದುತ್ತಿದ್ದಾಳೆ, ನಾನು ಇಲ್ಲೇ ಉಳಿದಿದ್ದೇನೆ. ಮೇಲ್ನೋಟಕ್ಕೆ ಇದು ರಕ್ಷಕನ ಕಥೆ. ಆದರೆ ಮೂಲ ಕಥೆಯಲ್ಲಿ ಆ ಹುಡುಗಿಯನ್ನು ಖಳನಾಯಕಿಯನ್ನಾಗಿ ಬೆಳೆಸಿದವನು ಯಾರು ಎಂದು ಕೇಳಿಕೊಂಡರೆ, ಹೊಸದಾಗಿ ಕಣ್ಣು ತೆರೆದ ಈ ತಂದೆಯ ಸ್ಥಿತಿ ಬಹಳ ಇಕ್ಕಟ್ಟಿನದೆಂದು ತೋರುತ್ತದೆ. ಅವನು ಬಂದು ಸೇರಿಕೊಂಡಿರುವುದು ಮೊದಲ ಅಪರಾಧಿಯ ದೇಹವನ್ನೇ.

ಖಳನಾಯಕಿಯ ಹುಟ್ಟಿನ ಬಗ್ಗೆ ಒಂದು ಸ್ವಾರಸ್ಯವಿದೆ. ಈ ಕಥೆಗಳೆಲ್ಲ ಹುಡುಗಿಯರಿಗಾಗಿ ತಯಾರಾಗುವ ಪ್ರಣಯದ ಆಟಗಳನ್ನು, ಅಂದರೆ ಜಪಾನೀಯರು ಓಟೋಮೆ ಗೇಮ್ ಎನ್ನುವುದನ್ನು, ಹಿನ್ನೆಲೆಯಾಗಿ ಇಟ್ಟುಕೊಳ್ಳುತ್ತವೆ. ಆದರೆ ಅಂಥ ನಿಜವಾದ ಆಟಗಳಲ್ಲಿ ಇಷ್ಟು ಕ್ರೂರವಾದ ಖಳನಾಯಕಿಯರು ಸಿಗುವುದು ಅಪರೂಪ. ಆ ಬಗೆಯ ಮೊದಲ ಆಟವೆಂದು ಹೇಳಲಾಗುವ 'ಆಂಜೆಲಿಕ್' 1994ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಗೇಮಿನ ಯಂತ್ರಕ್ಕಾಗಿ ಹೊರಬಂತು. ಅದನ್ನು ರೂಪಿಸಿದ್ದು ಕೋಯಿ ಕಂಪನಿಯ ರೂಬಿ ಪಾರ್ಟಿ ಎಂಬ ಮಹಿಳೆಯರ ತಂಡ. ಅದರಲ್ಲಿ ನಾಯಕಿಗೆ ಪ್ರತಿಸ್ಪರ್ಧಿಯಾಗಿರುವ ರೊಸಾಲಿಯಾ ಬಿಗುಮಾನದ ಹುಡುಗಿ ನಿಜ, ಆದರೆ ಕೆಟ್ಟವಳಲ್ಲ. ನಾಯಕಿಯೊಡನೆ ಅವಳ ಸ್ನೇಹಕ್ಕೂ ಅಲ್ಲಿ ಜಾಗವಿದೆ. ನೇಣಿಗೇರುವ ದುಷ್ಟೆಯನ್ನು ಬಹುಮಟ್ಟಿಗೆ ಸೃಷ್ಟಿಸಿಕೊಂಡವರು ವೆಬ್ ಕಾದಂಬರಿಕಾರರೇ. ತಾವೇ ಒಬ್ಬಳನ್ನು ದುಷ್ಟೆಯಾಗಿ ಕಲ್ಪಿಸಿ, ಅವಳಿಗೆ ಅನ್ಯಾಯವಾಯಿತೆಂದು ತಾವೇ ಮರುಗಿ, ಅವಳನ್ನು ಬಿಡಿಸಿಕೊಳ್ಳಲು ಮತ್ತೊಂದು ಕಥೆ ಬರೆಯುವುದು ವಿಚಿತ್ರವಾದ ಕಸುಬು. ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿದ ಕನ್ನಡಿಗರಿಗೆ ಖಳನ ಪಕ್ಕದಲ್ಲಿ ನಿಂತು ನೋಡುವುದು ಹೊಸದೇನಲ್ಲವಾದರೂ, ಆ ಕವಿಗಳು ತಮ್ಮ ಖಳರನ್ನು ಸಾವಿನಿಂದ ಉಳಿಸಲು ಹೋಗಲಿಲ್ಲ.

ಈ ಪ್ರಕಾರವನ್ನು ಜಪಾನಿನ ಹೊರಗೆ ಮನೆಮಾತಾಗಿಸಿದ್ದು ಸತೊರು ಯಮಗುಚಿ 2014ರಲ್ಲಿ ವೆಬ್‌ನಲ್ಲಿ ಬರೆಯಲು ತೊಡಗಿದ ಕತರೀನಾ ಕ್ಲೇಸ್ ಎಂಬ ಹುಡುಗಿಯ ಕಥೆ. 2020ರಲ್ಲಿ ಅದು ಅನಿಮೆಯಾಗಿಯೂ, ಅಂದರೆ ಜಪಾನಿ ಅನಿಮೇಷನ್ ಸರಣಿಯಾಗಿಯೂ, ಬಂತು. ತಲೆಗೆ ಪೆಟ್ಟು ಬಿದ್ದು ಹಿಂದಿನ ಜನ್ಮ ನೆನಪಾದಾಗ ಕತರೀನಾಳಿಗೆ ಎಂಟು ವರ್ಷ. ಗಡೀಪಾರಾದರೆ ಹೊಟ್ಟೆ ಹೊರೆಯಲು ಬೇಕೆಂದು ಅವಳು ಹೊಲದ ಕೆಲಸ ಕಲಿಯುತ್ತಾಳೆ, ರಾಜಕುಮಾರ ಕತ್ತಿ ಹಿರಿದು ಬಂದರೆ ಎಸೆಯಲು ಆಟಿಕೆಯ ಹಾವುಗಳನ್ನು ಮಾಡಿಟ್ಟುಕೊಳ್ಳುತ್ತಾಳೆ. ಓದುಗರು ಇವಕ್ಕೆ ನಗುತ್ತಾರೆ, ನಗಬೇಕಾದದ್ದೇ. ನನ್ನ ಮನಸ್ಸು ನಿಂತದ್ದು ಮಾತ್ರ ಅಲ್ಲಿನ ಬೇರೊಂದು ಸಂಗತಿಯಲ್ಲಿ. ಕತರೀನಾಳ ತಂದೆ ಕೀತ್ ಎಂಬ ಹುಡುಗನನ್ನು ದತ್ತು ತಂದಾಗ, ಅವನು ಗಂಡನಿಗೆ ಬೇರೆ ಹೆಣ್ಣಿನಲ್ಲಿ ಹುಟ್ಟಿದ ಮಗನೆಂದು ತಾಯಿ ಒಳಗೊಳಗೇ ನಂಬಿಕೊಂಡಿರುತ್ತಾಳೆ. ಹೆಂಡತಿಯ ಮನಸ್ಸಿನಲ್ಲೇನಿದೆ ಎಂಬುದು ಗಂಡನಿಗೆ ತಿಳಿದಿರುವುದಿಲ್ಲ. ಆಟದ ಮೂಲ ಕಥೆಯಲ್ಲಿ ಈ ಮೌನವೇ ಬೆಳೆದು, ತಾಯಿ ಮಗಳು ಇಬ್ಬರೂ ಆ ಹುಡುಗನನ್ನು ಹಿಂಸಿಸುವ ಮಟ್ಟಕ್ಕೆ ಹೋಗುತ್ತದೆ. ಮರುಹುಟ್ಟಿ ಬಂದ ಕತರೀನಾಳಿಂದಾಗಿ ಗಂಡಹೆಂಡಿರ ನಡುವಿನ ತಪ್ಪುತಿಳಿವಳಿಕೆ ಬಗೆಹರಿಯುತ್ತದೆ.

ಮನೆಯ ಹಿರಿಯರು ಒಂದು ಸಂಜೆ ಎದುರುಬದುರು ಕುಳಿತು ಮುಗಿಸಬಹುದಾಗಿದ್ದ ಮಾತಿಗೆ ಎಂಟು ವರ್ಷದ ಮಗುವೊಂದು ನೆಪವಾಗಬೇಕಾಯಿತು. ಇದನ್ನು ಓದಿದ ಮೇಲೆ, ತಂದೆಯೇ ಎಚ್ಚತ್ತುಕೊಂಡಿದ್ದರೆ ಏನಾಗುತ್ತಿತ್ತು ಎಂದು ಯಾರಿಗಾದರೂ ಅನ್ನಿಸದೆ ಇರದು. ಅಪ್ಪನ ಕಥೆಗಳಲ್ಲಿ ಚೆನ್ನಾಗಿರುವವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವು ಎಂಬುದು ನನ್ನ ಅಭಿಪ್ರಾಯ.

ಇಂಥ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವ ಸನ್ನಿವೇಶವೊಂದನ್ನು ಹತ್ತಿರದಿಂದ ನೋಡೋಣ. ಆರು ವರ್ಷದ ಮಗಳ ಉಡುಪಿನ ಮೇಲೆ ಹೊಸ ಕೆಲಸದ ಹುಡುಗಿ ಚಹಾ ಚೆಲ್ಲುತ್ತಾಳೆ. ಮಗಳು ಕೂಗಾಡಿ, ಇವಳನ್ನು ಈಗಲೇ ಮನೆಯಿಂದ ಹೊರಗೆ ಹಾಕಿ ಎನ್ನುತ್ತಾಳೆ. ಮೂಲ ಕಥೆಯ ತಂದೆ, ದೊಡ್ಡ ಜಹಗೀರಿನ ಒಡೆಯನಾದ ಡ್ಯೂಕ್, ಕಾಗದಪತ್ರಗಳಿಂದ ತಲೆಯೆತ್ತದೆ ಹೂಂ ಎಂದಿದ್ದ, ಕೆಲಸದವಳು ಹೋಗಿದ್ದಳು, ಮತ್ತು ಆ ಮಗು ತನ್ನ ಸಿಟ್ಟಿಗೆ ಎಷ್ಟು ಬಲವಿದೆ ಎಂಬುದನ್ನು ಅಂದು ಕಲಿತಿತ್ತು. ಮರುಹುಟ್ಟಿದ ತಂದೆ ಏನು ಮಾಡುತ್ತಾನೆಂಬುದರ ಮೇಲೆ ಆ ಕಥೆಗಾರನ ಅಳತೆ ಸಿಗುತ್ತದೆ. ಸಾಮಾನ್ಯ ಕಥೆಗಾರನ ತಂದೆ ಬಡವರ ಕಷ್ಟದ ಬಗ್ಗೆ ಒಂದು ಪುಟ ಉಪದೇಶ ಮಾಡುತ್ತಾನೆ, ಮಗು ಕಣ್ಣೀರು ಸುರಿಸಿ ಒಂದೇ ದಿನದಲ್ಲಿ ದೇವತೆಯಾಗುತ್ತದೆ. ಒಳ್ಳೆಯ ಕಥೆಗಾರನಿಗೆ ಮಕ್ಕಳ ಸ್ವಭಾವ ಗೊತ್ತು. ಅವನ ತಂದೆ ಮೊದಲು ಮಗುವಿನ ಕೈ ಸುಟ್ಟಿದೆಯೇ ಎಂದು ನೋಡುತ್ತಾನೆ, ಆಮೇಲೆ ಕೆಲಸದವಳ ಕೈಯನ್ನೂ ನೋಡುತ್ತಾನೆ, ಇಬ್ಬರಿಗೂ ತಣ್ಣೀರು ತರಿಸುತ್ತಾನೆ. ಮಗಳು ಕೇಳಿದ ಶಿಕ್ಷೆ ಮಾತ್ರ ಜಾರಿಯಾಗುವುದಿಲ್ಲ. ಮಗಳು ಎರಡು ದಿನ ಅಪ್ಪನೊಡನೆ ಮಾತು ಬಿಡುತ್ತಾಳೆ. ಆ ಎರಡು ದಿನಗಳನ್ನು ಸಹಿಸುವ ತಾಳ್ಮೆಯಿಲ್ಲದೆ ಹಳೆಯ ಡ್ಯೂಕ್ ಪ್ರತಿ ಸಲವೂ ಹೂಂ ಎಂದಿದ್ದನೇ ಹೊರತು ಮಗಳ ಮೇಲಿನ ಅಕ್ಕರೆ ಉಕ್ಕಿ ಅಲ್ಲ ಎಂಬುದು ಓದುಗರಿಗೆ ಆಗ ಹೊಳೆಯುತ್ತದೆ.

ನಿಶ್ಚಿತಾರ್ಥದ ವಿಷಯವೂ ಹೀಗೆಯೇ. ಖಳನಾಯಕಿಯ ದುರಂತ ಆರಂಭವಾಗುವುದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ರಾಜಕುಮಾರನೊಡನೆ ಗೊತ್ತಾಗುವ ಸಂಬಂಧದಿಂದ. ಆ ಸಂಬಂಧಕ್ಕೆ ಒಪ್ಪಿಗೆ ಕೊಟ್ಟವನು ತಂದೆ. ಮಗಳು ಅರಮನೆಯ ಶಿಷ್ಟಾಚಾರ ಕಲಿಯುತ್ತ ಬಾಲ್ಯವನ್ನು ಕಳೆದುಕೊಂಡದ್ದು ಆ ಒಪ್ಪಿಗೆಯಿಂದ. ತನ್ನ ಇಡೀ ಬದುಕು ಯಾವ ಒಬ್ಬ ಹುಡುಗನ ಮನಸ್ಸಿನ ಮೇಲೆ ನಿಂತಿದೆಯೋ ಅವನು ಬೇರೊಬ್ಬಳತ್ತ ತಿರುಗಿದಾಗ ಅವಳಿಗೆ ಹುಚ್ಚು ಕೋಪ ಬಂದದ್ದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ? ಸಭೆಯಲ್ಲಿ ನಿಂತು ಅವಳ ಅಪರಾಧಗಳನ್ನು ಓದಿ ಹೇಳುವವರು ಈ ಒಪ್ಪಿಗೆಯ ಸುದ್ದಿಯನ್ನೇ ಎತ್ತುವುದಿಲ್ಲ.

ಇನ್ನೊಂದು ಅಪಾಯವನ್ನು ಕೆಲವೇ ಕಥೆಗಾರರು ಗಮನಿಸಿದ್ದಾರೆ. ಮಗಳ ಹಣೆಬರಹ ತಿಳಿದ ತಂದೆ ಅವಳನ್ನು ಸಹಜವಾಗಿ ನೋಡಲಾರ. ಅವಳು ಗೊಂಬೆಯ ಕೈ ಮುರಿದರೆ ಅವನಿಗೆ ಅದರಲ್ಲಿ ಮುಂದಿನ ಕ್ರೌರ್ಯ ಕಾಣುತ್ತದೆ. ತಮ್ಮನನ್ನು ತಳ್ಳಿದರೆ ಆಗಲೇ ತೀರ್ಪು ಬಂದಂತೆ ಬೆವರುತ್ತಾನೆ. ಇನ್ನೂ ಏನನ್ನೂ ಮಾಡಿರದ ಮಗುವಿನ ಮೇಲೆ ಹಗಲಿರುಳು ಕಾವಲು ಕೂರುತ್ತದೆ. ಕೇಡಿನ ಭವಿಷ್ಯ ಕೇಳಿದ ತಂದೆತಾಯಿಯರು ಮಕ್ಕಳನ್ನೇ ಅಪರಾಧಿಗಳಂತೆ ಕಂಡ ಕಥೆಗಳು ನಮ್ಮಲ್ಲೂ ಇವೆ: ಗುಣಭದ್ರನ ಉತ್ತರಪುರಾಣದ ರಾಮಕಥೆಯಲ್ಲಿ ಸೀತೆ ರಾವಣ ಮಂಡೋದರಿಯರ ಮಗಳು, ಅವಳಿಂದ ಕೇಡಾಗುತ್ತದೆಂದು ತಿಳಿದು ಪೆಟ್ಟಿಗೆಯಲ್ಲಿಟ್ಟು ಮಿಥಿಲೆಯ ಮಣ್ಣಿನಲ್ಲಿ ಬಿಟ್ಟುಬರಲಾಗುತ್ತದೆ. ಕೇಡನ್ನು ದೂರಮಾಡಲೆಂದು ಹಿಡಿದ ಆ ದಾರಿಯೇ ಅದನ್ನು ಮನೆಬಾಗಿಲಿಗೆ ತಂದಿತು. ಕೊರಿಯಾದ ಕಥೆಗಾರರು ಭಯವನ್ನು ಮಗಳ ಕಡೆಗೆ ತಿರುಗಿಸಿದ್ದಾರೆ. ಪ್ಲೂಟಸ್ ಎಂಬ ಹೆಸರಿನಲ್ಲಿ ಬರೆಯುವ ಲೇಖಕರ ಪ್ರಸಿದ್ಧ ಕಥೆಯೊಂದರಲ್ಲಿ ಅಥನೇಸಿಯಾ ಎಂಬ ರಾಜಕುಮಾರಿಗೆ, ತಾನು ಮುಂದೆ ಚಕ್ರವರ್ತಿಯಾದ ಸ್ವಂತ ತಂದೆಯ ಅಪ್ಪಣೆಯಿಂದಲೇ ಸಾಯಲಿದ್ದೇನೆಂದು ಕೂಸಾಗಿರುವಾಗಲೇ ಗೊತ್ತು. ಅಪ್ಪನ ಮುಖದ ಭಾವ ನೋಡಿ ನಗುವುದನ್ನು ಲೆಕ್ಕ ಹಾಕಿ ಕಲಿಯುವ ಆ ಮಗುವನ್ನು ಕಂಡರೆ ಒಮ್ಮೊಮ್ಮೆ ನಗು ಬರುತ್ತದೆ, ಹೆಚ್ಚು ಸಲ ಬರುವುದಿಲ್ಲ.

ಲೆಕ್ಕದ ಮಾತು ಬಂದದ್ದರಿಂದ ಹಳೆಯದೊಂದು ಆಟವನ್ನು ಇಲ್ಲಿ ನೆನೆಯಬೇಕು. 1991ರಲ್ಲಿ ಗೈನಾಕ್ಸ್ ಸಂಸ್ಥೆ ಹೊರತಂದ 'ಪ್ರಿನ್ಸೆಸ್ ಮೇಕರ್'ನಲ್ಲಿ ಆಡುವವರೇ ತಂದೆ. ಹತ್ತು ವರ್ಷದ ಅನಾಥ ಹುಡುಗಿಯೊಬ್ಬಳನ್ನು ಹದಿನೆಂಟರವರೆಗೆ ಬೆಳೆಸುವುದೇ ಆಟ. ಯಾವ ಪಾಠ, ಯಾವ ಕೆಲಸ, ಎಷ್ಟು ವಿಶ್ರಾಂತಿ ಎಂದು ವೇಳಾಪಟ್ಟಿ ಹಾಕುತ್ತ ಹೋದಂತೆ ಅವಳ ಗುಣಗಳು ಅಂಕಿಗಳಾಗಿ ಏರಿಳಿಯುತ್ತವೆ, ಕೊನೆಗೆ ಅವಳೇನಾಗುತ್ತಾಳೆಂಬುದು ಆ ಅಂಕಿಗಳ ಮೇಲೆ ನಿಲ್ಲುತ್ತದೆ. ನಮ್ಮ ಮರುಹುಟ್ಟಿನ ಅಪ್ಪಂದಿರಲ್ಲಿ ಅನೇಕರು ಈ ಆಟದ ವಂಶದವರೇ. ಬೆಳಗ್ಗೆ ಕತ್ತಿವರಸೆ, ಮಧ್ಯಾಹ್ನ ಮಂತ್ರವಿದ್ಯೆ, ಸಂಜೆ ದಾನಧರ್ಮ ಎಂದು ಮಗಳ ದಿನಗಳನ್ನು ಭರ್ತಿ ಮಾಡಿ, ಅವಳನ್ನು ಉಳಿಸಿದೆನೆಂದು ಬೀಗುತ್ತಾರೆ. ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಮಕ್ಕಳನ್ನು ಸ್ಕೂಟರಿನಲ್ಲಿ ಸಾಗಿಸುವ ನಮ್ಮ ಬಡಾವಣೆಯ ಅಪ್ಪಂದಿರಿಗೆ, ನನ್ನನ್ನೂ ಸೇರಿಸಿ, ಇದು ಬೇಗ ಅರ್ಥವಾಗುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಅಪ್ಪನಿಗೆ ಮರುಹುಟ್ಟಿನಲ್ಲಿ ತಂದೆಯ ಸ್ಥಾನವೇ ಸಿಕ್ಕಿಲ್ಲ. ಮಿಚಿರೋ ಉಎಯಾಮ ಅವರ ಮಾಂಗಾದಲ್ಲಿ, ಅಂದರೆ ಜಪಾನಿ ಚಿತ್ರಕಥೆಯಲ್ಲಿ, 52 ವರ್ಷದ ಸರ್ಕಾರಿ ನೌಕರ ಕೆನ್‌ಜಬುರೋ ತೊಂಡಬಯಾಶಿ ಮಗುವೊಂದನ್ನು ಉಳಿಸಲು ಹೋಗಿ ಟ್ರಕ್ಕಿಗೆ ಸಿಕ್ಕಿ, ತನ್ನ ಮಗಳು ಹಿನಾಕೊ ಆಡುತ್ತಿದ್ದ ಆಟದ ಖಳನಾಯಕಿ ಗ್ರೇಸ್ ಆಗಿ ಕಣ್ಣು ತೆರೆಯುತ್ತಾನೆ. 2025ರ ಜನವರಿಯಲ್ಲಿ ಇದರ ಅನಿಮೆ ಪ್ರಸಾರವಾಯಿತು. 'ನರುಟೊ' ಎಂಬ ಅನಿಮೆಯ ಕಕಾಶಿ ಪಾತ್ರಕ್ಕೆ ದನಿ ಕೊಟ್ಟ ಕಜುಹಿಕೊ ಇನೊಯೆ ಅವರೇ ಕೆನ್‌ಜಬುರೋನ ದನಿಯೂ ಹೌದು. ಕಚೇರಿಯಲ್ಲಿ ವರ್ಷಗಟ್ಟಲೆ ರೂಢಿಯಾದ ಅವನ ನಡೆನುಡಿಗಳು ಅಲ್ಲಿ ತಾವಾಗಿಯೇ ಕುಲೀನ ಮನೆತನದ ಲಾಲಿತ್ಯವಾಗಿ ಮಾರ್ಪಟ್ಟು ಕಾಣುತ್ತವೆ ಎಂಬುದು ಕಥೆಯ ಮುಖ್ಯ ತಮಾಷೆ. ಅವನು ಆಟದ ನಿಯಮಕ್ಕೆ ಬದ್ಧನಾಗಿ ನಾಯಕಿ ಆನಾಳನ್ನು ಕಾಡಿಸಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಾನೆ. ಆಗುವುದಿಲ್ಲ. ಹೊಸ ಶಾಲೆಗೆ ಬಂದು ಕಷ್ಟಪಡುತ್ತಿರುವ ಹುಡುಗಿಯನ್ನು ನೋಡಿದೊಡನೆ ಅವನೊಳಗಿನ ತಂದೆಗೆ ಕಾಣುವುದು ಯಾರದೋ ಮನೆಯ ಮಗು. ಬೈಯಲು ಬಾಯಿ ತೆರೆದರೆ ಹೊರಡುವುದು ಕಾಳಜಿಯ ಮಾತು.

ಅವನಿಗೆ ಆಟದ ಕಥೆ ಪೂರ್ತಿಯಾಗಿ ತಿಳಿದಿಲ್ಲವೆಂಬುದನ್ನೂ ಗಮನಿಸಬೇಕು. ಆಡಿದವಳು ಮಗಳು, ಪಕ್ಕದಲ್ಲಿದ್ದು ನೋಡಿದ್ದಷ್ಟೇ ಅವನ ಬಂಡವಾಳ. ಅಪ್ಪನ ಕಥೆಗಳೆಲ್ಲವೂ ಹೀಗೇ ಇರಬೇಕಿತ್ತೆಂದು ನನಗೆ ಅನ್ನಿಸಿದೆ. ಎಲ್ಲವನ್ನೂ ಬಲ್ಲ ಡ್ಯೂಕನಿಗಿಂತ, ಊಟದ ಹೊತ್ತಿನಲ್ಲಿ ಮಗಳು ಉತ್ಸಾಹದಿಂದ ಹೇಳುತ್ತಿದ್ದ ಕಥೆಯನ್ನು ಫೋನ್ ನೋಡುತ್ತ ಅರೆಬರೆ ಕೇಳಿಸಿಕೊಂಡಿದ್ದ ಅಪ್ಪನೇ ಅಲ್ಲಿ ಹೋಗಿ ಹುಟ್ಟಿದರೆ ಕಥೆಗೆ ನಿಜವಾದ ಬಿಗಿ ಬರುತ್ತದೆ: ಮೂರನೆಯ ಅಧ್ಯಾಯದಲ್ಲಿ ವಿಷ ಹಾಕಿದವರು ಯಾರೆಂದು ಮಗಳು ಹೇಳಿದ್ದಳಲ್ಲ, ಯಾರದು ಹೆಸರು?

ಈ ಪ್ರಕಾರದಲ್ಲಿ ನನಗೆ ಹಿಡಿಸದ್ದೂ ಸಾಕಷ್ಟಿದೆ. ಹೆಚ್ಚಿನ ಕಥೆಗಳಲ್ಲಿ ಅಪ್ಪ ಬೇಗನೆ ಸೇನಾಧಿಪತಿಯಾಗುತ್ತಾನೆ, ಮಗಳತ್ತ ಕಣ್ಣೆತ್ತಿ ನೋಡಿದವರ ಮನೆತನವನ್ನೇ ದಿವಾಳಿ ಮಾಡಿಸುತ್ತಾನೆ, ಓದುಗರು ಚಪ್ಪಾಳೆ ತಟ್ಟುತ್ತಾರೆ. ಮಗಳು ಮುದ್ದಾಗಿ ಮೊಲದ ಗೊಂಬೆ ಅಪ್ಪಿಕೊಂಡು ನಿಲ್ಲುವುದನ್ನು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ. ಹನ್ನೆರಡು ತುಂಬಿದರೂ ಅವಳ ಬಾಯಲ್ಲಿ ನಾಲ್ಕರ ತೊದಲು. ಖಳನಾಯಕಿಯಾಗಿದ್ದಾಗ ಅವಳಿಗೆ ಹಟ, ಆಸೆ, ಮತ್ಸರಗಳಾದರೂ ಇದ್ದವು. ಇನ್ನೂ ಕೆಟ್ಟದ್ದೆಂದರೆ, ಸ್ವಂತ ಮಗಳನ್ನು ಒಳ್ಳೆಯವಳನ್ನಾಗಿಸಿದ ಕಥೆಗಾರನಿಗೆ ಕೆಟ್ಟವರೊಬ್ಬರು ಬೇಕಾಗುತ್ತಾರೆ, ಆ ಪಾತ್ರವನ್ನು ಅವನು ಮೂಲ ಕಥೆಯ ನಾಯಕಿಯ ಕೊರಳಿಗೆ ಕಟ್ಟುತ್ತಾನೆ. ಸಾಮಾನ್ಯವಾಗಿ ಅವಳು ಬಡಮನೆಯವಳು, ಇಲ್ಲವೇ ಯಾವನೋ ಸಣ್ಣ ಜಹಗೀರುದಾರನ ಮನೆಗೆ ತಡವಾಗಿ ಸೇರಿದವಳು. ಅವಳು ಮೋಸಗಾತಿ, ರಾಜಕುಮಾರನಿಗೆ ಮದ್ದಿಟ್ಟವಳು ಎಂದು ಕೊನೆಯ ಸಭೆಯಲ್ಲಿ ಸಾಬೀತಾಗುತ್ತದೆ. ಗಡೀಪಾರು, ಸೆರೆಮನೆ, ವಧಸ್ಥಾನ ಎಲ್ಲವೂ ಅವಳ ಪಾಲಿಗೆ ಬರುತ್ತವೆ. ಡ್ಯೂಕ್ ತನ್ನ ಮಗಳ ಕೈ ಹಿಡಿದು ಸಭೆಯಿಂದ ಹೊರನಡೆಯುತ್ತಾನೆ. ಆ ಹುಡುಗಿಗೂ ಅಪ್ಪನೊಬ್ಬನಿದ್ದಾನೆಯೇ, ಇದ್ದರೆ ಅಂದು ಅವನೆಲ್ಲಿದ್ದ ಎಂದು ಈ ಕಥೆಗಳಲ್ಲಿ ಬಹುಪಾಲು ಕೇಳುವುದಿಲ್ಲ. ಕೆನ್‌ಜಬುರೋ ಆನಾಳನ್ನು ನೋಡಿದ ಮೊದಲ ದಿನವೇ ಅವಳ ತಂದೆತಾಯಿಯರನ್ನು ನೆನೆದವನು.