ದಿನಾ ಓಡಿಸುವ ಗಾಲ್ಫ್ ಜಿಟಿಐಗೆ ಹಗುರ ವೀಲ್: 18ರಿಂದ 17 ಇಂಚಿಗೆ

ಮೊದಲ ವಾರ

ಮುಂದಿನ ಎಡಗಡೆ ಟೈರ್‌ನಲ್ಲಿ ನಾಲ್ಕೈದು ದಿನಕ್ಕೊಮ್ಮೆ ಗಾಳಿ ಇಳಿಯುತ್ತಿತ್ತು. ಪಂಕ್ಚರ್ ಇರಬೇಕು ಅಂತ ವೀಲ್ ಬಿಚ್ಚಿ ನೋಡಿದೆ. ಟೈರ್‌ಗೆ ಏನೂ ಆಗಿರಲಿಲ್ಲ. ರಿಮ್ಮಿನ ಒಳಗಡೆ ಅಂಚು ಅಂಗೈ ಅಗಲದಷ್ಟು ಜಾಗದಲ್ಲಿ ಬಾಗಿತ್ತು. ಸೋಪಿನ ನೀರು ಹಚ್ಚಿದ ಕೂಡಲೇ ಅಲ್ಲಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಹೊರಗಿನಿಂದ ನೋಡಿದರೆ ಒಂದು ಗೀರೂ ಇಲ್ಲ. ಯಾವುದೋ ಗುಂಡಿಯ ಕೆಲಸ.

ಗಾಡಿ 2015ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಏಳನೇ ತಲೆಮಾರಿನದು. ಕೆಲಸಕ್ಕೂ ಇದೇ, ಸಾಮಾನು ತರೋಕೂ ಇದೇ, ರಜೆ ಸಿಕ್ಕರೆ ಘಾಟಿ ರಸ್ತೆಗೂ ಇದೇ. ಕಂಪನಿ ವೀಲ್ 18 ಇಂಚು, ಅಗಲ 7.5 ಇಂಚು, ಆಫ್‌ಸೆಟ್ (ವೀಲ್‌ನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕಿರುವ ದೂರ) 49 ಮಿ.ಮೀ. ಟೈರ್ 225/40 ಆರ್ 18, ಅಂದರೆ ಅಗಲ 225 ಮಿ.ಮೀ, ಗೋಡೆಯ ಎತ್ತರ ಅದರ ಶೇಕಡಾ 40, ರಿಮ್ 18 ಇಂಚು. ಒಂದು ವೀಲ್ ಹೇಗೂ ಬದಲಾಯಿಸಲೇಬೇಕು. ಹಾಗಿದ್ದರೆ ನಾಲ್ಕನ್ನೂ ಹಗುರ ಮಾಡೋಣ ಅಂತ ತುಂಬಾ ದಿನದಿಂದ ಇದ್ದ ಆಸೆ ಮತ್ತೆ ತಲೆ ಎತ್ತಿತು.

ಮೊದಲು ಈಗಿನ ತೂಕ ಎಷ್ಟು ಅಂತ ಗೊತ್ತಾಗಬೇಕಲ್ಲ. ಮನೆಯ ತೂಕದ ಯಂತ್ರದ ಮೇಲೆ ವೀಲ್ ಇಟ್ಟರೆ ಅಂಕಿಯೇ ಕಾಣುವುದಿಲ್ಲ. ಹಾಗಾಗಿ ವೀಲ್ ತಬ್ಬಿಕೊಂಡು ನಾನೇ ನಿಂತೆ, ಆಮೇಲೆ ನನ್ನ ತೂಕ ಕಳೆದೆ. ಮೂರು ಸಲ ಮಾಡಿದೆ. ಟೈರ್ ಸಮೇತ 21.4 ಕೆಜಿ ಬಂತು. ಟೈರ್ ಬಿಚ್ಚಿಸಿದ ಮೇಲೆ ಬರೀ ರಿಮ್ 11.3 ಕೆಜಿ.

ಎರಡನೇ ವಾರ

ಪೂರ್ತಿ ಓದು, ಲೆಕ್ಕ. ಮೊದಲು ನನಗೆ ಬೇಕಿದ್ದದ್ದು ಎಲ್ಲಕ್ಕಿಂತ ಹಗುರವಾದ ವೀಲ್. ಈ ಹುಚ್ಚು ಹಿಡಿಸಿದ್ದು ರೇಯ್ಸ್ ಕಂಪನಿಯ ಟಿಇ37. 1996ರಲ್ಲಿ ಬಂದ ಫೋರ್ಜ್ಡ್, ಅಂದರೆ ಲೋಹವನ್ನು ಭಾರೀ ಒತ್ತಡದಲ್ಲಿ ಒತ್ತಿ ಮಾಡಿದ ವೀಲ್ ಅದು. ಆಗಿನ 15 ಇಂಚಿನ, 6 ಇಂಚು ಅಗಲದ ವೀಲ್ 3.7 ಕೆಜಿ ಇತ್ತು, ಹೆಸರಿನಲ್ಲಿರುವ 37 ಬಂದಿದ್ದು ಅಲ್ಲಿಂದಲೇ. ತೂಕವನ್ನೇ ಹೆಸರಾಗಿ ಇಟ್ಟುಕೊಂಡಿದ್ದು ನನಗೆ ಇವತ್ತಿಗೂ ತುಂಬಾ ಇಷ್ಟ.

ಆದರೆ ಹಗುರ ವೀಲ್ ಹಾಕಿದರೆ ಗಾಡಿ ಎಷ್ಟು ಚುರುಕಾಗುತ್ತೆ ಅಂತ ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಸಿಕ್ಕಿತು. ಚಕ್ರದ ತೂಕ ಒಂದು ಕೆಜಿ ಇಳಿದರೆ ಗಾಡಿಯ ತೂಕ ಹತ್ತು ಕೆಜಿ ಇಳಿದ ಹಾಗೆ ಅನ್ನುವ ಮಾತು ಎಲ್ಲ ಕಡೆ ಇದೆ. ಅದು ನಿಜವಲ್ಲ. ಚಕ್ರ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಅದರ ತೂಕ ಪೂರ್ತಿ ಟೈರಿನ ಹೊರ ಅಂಚಿನಲ್ಲೇ ಇದ್ದರೂ ವೇಗ ಹೆಚ್ಚಿಸುವಾಗ ಎರಡರಷ್ಟು ಲೆಕ್ಕಕ್ಕೆ ಬರುತ್ತೆ, ಅದಕ್ಕಿಂತ ಜಾಸ್ತಿ ಇಲ್ಲ. ರಿಮ್ ಇನ್ನೂ ಒಳಗಿರುವುದರಿಂದ ಸುಮಾರು ಒಂದೂವರೆ ಪಟ್ಟು ಅಂದುಕೊಳ್ಳಬಹುದು. ನಾಲ್ಕು ರಿಮ್ಮಿನಿಂದ 12 ಕೆಜಿ ಉಳಿಸಿದರೆ, ಡಿಕ್ಕಿಯಿಂದ 18 ಕೆಜಿ ಸಾಮಾನು ಇಳಿಸಿದಷ್ಟು. ಸಾವಿರದ ಮುನ್ನೂರು ಕೆಜಿಗಿಂತ ಜಾಸ್ತಿ ತೂಗುವ ಗಾಡಿಯಲ್ಲಿ ಅದು ಗೊತ್ತೂ ಆಗುವುದಿಲ್ಲ.

ನಿಜವಾದ ಲಾಭ ಸಸ್ಪೆನ್ಷನ್‌ಗೆ. ಸ್ಪ್ರಿಂಗ್‌ನ ಕೆಳಗಿರುವ ತೂಕ ಕಡಿಮೆಯಾದಷ್ಟೂ ಚಕ್ರ ಉಬ್ಬು ಹತ್ತಿ ಬೇಗ ಕೆಳಗಿಳಿಯುತ್ತೆ. ಡ್ಯಾಂಪರ್‌ಗೆ (ಶಾಕ್ ಅಬ್ಸಾರ್ಬರ್) ಅದನ್ನು ಹಿಡಿದಿಡುವ ಕೆಲಸ ಕಡಿಮೆ. ಕೆಟ್ಟ ರಸ್ತೆಯಲ್ಲಿ ಟೈರ್ ನೆಲ ಬಿಡುವುದು ಕಡಿಮೆ. ದಿನಾ ಓಡಿಸುವವರಿಗೆ ಬೇಕಾಗಿರುವುದೂ ಇದೇ ಅಲ್ವಾ?

ಇಷ್ಟು ಅರ್ಥವಾದ ಮೇಲೆ ನನ್ನ ಹುಡುಕಾಟದ ದಾರಿಯೇ ಬದಲಾಯಿತು. ತೂಕ ಮೂರನೇ ಸ್ಥಾನಕ್ಕೆ ಹೋಯಿತು. ಮೊದಲು ವೀಲ್ ಎಷ್ಟು ಭಾರ ಹೊರುತ್ತೆ ಅನ್ನೋದು. ಎರಡನೆಯದು ಟೈರಿನ ಗೋಡೆಯ ಎತ್ತರ.

ಭಾರದ ಲೆಕ್ಕ ಸುಲಭ. ಗಾಡಿಯ ಮೇಲಿರುವ ತಗಡಿನಲ್ಲಿ ಮುಂದಿನ ಆಕ್ಸಲ್ ಹೊರಬಹುದಾದ ಗರಿಷ್ಠ ಭಾರ ಬರೆದಿರುತ್ತೆ. ಅದರ ಅರ್ಧಕ್ಕಿಂತ ವೀಲ್‌ನ ಲೋಡ್ ರೇಟಿಂಗ್ ಜಾಸ್ತಿ ಇರಲೇಬೇಕು, ನನಗೆ ಇನ್ನೂ ಒಂದಿಷ್ಟು ಅಂತರ ಬೇಕಿತ್ತು. ರೇಟಿಂಗ್ ಎಲ್ಲೂ ಬರೆಯದ ವೀಲ್‌ಗಳನ್ನು ಎಷ್ಟೇ ಚೆಂದ ಇದ್ದರೂ ಪಟ್ಟಿಯಿಂದ ತೆಗೆದೆ. ಜಪಾನಿನ ವೀಲ್ ಮಾನದಂಡವಾದ ಜೆಡಬ್ಲ್ಯುಎಲ್ ಗುರುತು ಇಲ್ಲದ್ದನ್ನೂ ತೆಗೆದೆ. ಬಾಗಿಸಿ ತಿರುಗಿಸುವುದು, ಭಾರ ಹೊರಿಸಿ ಉರುಳಿಸುವುದು, ಮೇಲಿನಿಂದ ಗುದ್ದುವುದು, ಈ ಪರೀಕ್ಷೆಗಳ ಗುರುತು ಅದು. ಜೊತೆಗೆ ವಿಐಎ ಗುರುತೂ ಇದ್ದರೆ ಪರೀಕ್ಷೆಯನ್ನು ಹೊರಗಿನವರು ನೋಂದಾಯಿಸಿದ್ದಾರೆ ಅಂತ ಅರ್ಥ.

ಟೈರ್ ಗೋಡೆ ಈಗ 90 ಮಿ.ಮೀ. ಒಂದು ಇಂಚು ಇಳಿದು 225/45 ಆರ್ 17 ಹಾಕಿದರೆ 101 ಮಿ.ಮೀ. ಹೊರ ವ್ಯಾಸ 637ರಿಂದ 634 ಮಿ.ಮೀಗೆ ಬರುತ್ತೆ, ಸ್ಪೀಡೋಮೀಟರ್‌ನಲ್ಲಿ ಅರ್ಧ ಶೇಕಡಾ ವ್ಯತ್ಯಾಸವೂ ಇಲ್ಲ. ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ 11 ಮಿ.ಮೀ ರಬ್ಬರು, ಗಾಳಿ ಜಾಸ್ತಿ ಸಿಕ್ಕ ಹಾಗಾಯಿತು. ಚಿಕ್ಕ ರಿಮ್ ಸಹಜವಾಗೇ ಹಗುರ. 17 ಅಂತ ಅವತ್ತೇ ತೀರ್ಮಾನ ಮಾಡಿದೆ. ದೊಡ್ಡ ವೀಲ್ ನೋಡೋಕೆ ಚೆಂದ ಅನ್ನುವವರ ಮಾತು ಸುಳ್ಳಲ್ಲ, ಆದರೆ ಬಾಗಿದ ಆ ಅಂಚು ನನ್ನ ಕಣ್ಣ ಮುಂದೆಯೇ ಇತ್ತು.

ಮೂರನೇ ವಾರ

ಮಾಮೂಲಿ ಎರಕದ ವೀಲ್, ಫ್ಲೋ ಫಾರ್ಮ್ಡ್, ಫೋರ್ಜ್ಡ್ ಈ ಮೂರರಲ್ಲಿ ಫ್ಲೋ ಫಾರ್ಮ್ಡ್‌ಗೆ ಹೋದೆ. ಇದರಲ್ಲಿ ಮುಖದ ಭಾಗ ಎರಕದ್ದೇ. ಸುತ್ತಿನ ಉರುಳೆ ಭಾಗವನ್ನು ಮಾತ್ರ ಬಿಸಿ ಮಾಡಿ, ತಿರುಗಿಸುತ್ತಾ, ರೋಲರ್‌ನಿಂದ ಒತ್ತಿ ಎಳೆಯುತ್ತಾರೆ. ನಾವು ಚಪಾತಿ ಲಟ್ಟಿಸುವ ಹಾಗೆ. ಲೋಹ ತೆಳುವಾಗುತ್ತೆ, ಗಟ್ಟಿಯೂ ಆಗುತ್ತೆ. ತೂಕ ಇಳಿಯುವುದು ಹೊರ ಸುತ್ತಿನಲ್ಲಿ, ಅದೇ ಬೇಕಾದ ಜಾಗ. ಫೋರ್ಜ್ಡ್ ಇನ್ನೂ ಹಗುರ, ಪೆಟ್ಟು ಬಿದ್ದರೆ ಸೀಳುವ ಬದಲು ಬಾಗುವುದು ಜಾಸ್ತಿ. ಆದರೆ ಒಂದು ವೀಲ್ ಹಾಳಾದರೆ ಮತ್ತೊಂದನ್ನು ಯೋಚಿಸದೆ ತರಿಸುವಷ್ಟು ಕೈಗೆಟುಕಬೇಕು ಅನ್ನೋದು ನನ್ನ ನಿಯಮ. ದಿನದ ಗಾಡಿಗೆ ಅದು ಮುಖ್ಯ.

ನನಗೆ ತುಂಬಾ ಇಷ್ಟವಾದ ಇನ್ನೊಂದು ವೀಲ್ ನನ್ನ ಅಳತೆಗೆ 5x114.3ರಲ್ಲಿ, ಅಂದರೆ ಐದು ಬೋಲ್ಟ್ ತೂತು 114.3 ಮಿ.ಮೀ ವ್ಯಾಸದ ವೃತ್ತದ ಮೇಲಿರುವ ಹಾಗೆ ಮಾತ್ರ ಸಿಗುತ್ತಿತ್ತು. ಗಾಲ್ಫ್‌ನದು 5x112. ಎರಡು ಮಿ.ಮೀ ಚಿಲ್ಲರೆ ವ್ಯತ್ಯಾಸ, ಅದಕ್ಕಂತಲೇ ಅಲುಗಾಡುವ ತಲೆಯ ಬೋಲ್ಟ್ ಬರುತ್ತೆ ಅಂದರು. ಬೇಡ ಅಂದೆ. ಬೋಲ್ಟ್ ವಿಷಯದಲ್ಲಿ ಹೊಂದಾಣಿಕೆ ಮಾಡಿಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕೊನೆಗೆ ಗಟ್ಟಿಯಾದದ್ದು ಹತ್ತು ಸ್ಪೋಕಿನ ವೀಲ್. 17 ಇಂಚು, ಅಗಲ 7.5, ಆಫ್‌ಸೆಟ್ 45, ಲೋಡ್ ರೇಟಿಂಗ್ 690 ಕೆಜಿ. ಅಗಲ ಮೊದಲಿನಷ್ಟೇ, ಆಫ್‌ಸೆಟ್ ನಾಲ್ಕು ಕಡಿಮೆ. ಅಂದರೆ ವೀಲ್ ಹೊರಕ್ಕೆ 4 ಮಿ.ಮೀ ಸರಿಯುತ್ತೆ, ಅಷ್ಟೇ. ಫೆಂಡರ್‌ಗೆ ತಾಗುವ ಮಾತೇ ಇಲ್ಲ.

ನಾಲ್ಕನೇ ವಾರ

ವೀಲ್ ಬಂದವು. ತೂಗಿದೆ, 8.3 ಕೆಜಿ. ಟೈರ್ ಹಾಕಿಸುವ ಮೊದಲೇ ಒಂದನ್ನು ಗಾಡಿಗೆ ಕೂರಿಸಿ ನೋಡಿದೆ, ಯಾಕೆಂದರೆ ಟೈರ್ ಹತ್ತಿದ ಮೇಲೆ ವಾಪಸ್ ತೆಗೆದುಕೊಳ್ಳುವವರು ಕಡಿಮೆ. ಮುಂದಿನ ಬ್ರೇಕ್ ಡಿಸ್ಕ್ 312 ಮಿ.ಮೀ. ವ್ಯಾಸ ಸಾಕಾಗುತ್ತೆ ಅಂತ ಗೊತ್ತಿತ್ತು, ಸ್ಪೋಕ್ ಮತ್ತು ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ನಡುವೆ ಎಷ್ಟು ಜಾಗ ಇದೆ ಅನ್ನೋದು ಗೊತ್ತಿರಲಿಲ್ಲ. ಮಕ್ಕಳು ಆಡುವ ಜೇಡಿಮಣ್ಣಿನ ಉಂಡೆ ಮಾಡಿ ಕ್ಯಾಲಿಪರ್ ಮುಖಕ್ಕೆ ಅಂಟಿಸಿದೆ. ವೀಲ್ ಕೂರಿಸಿ, ಬೋಲ್ಟ್ ಬಿಗಿದು, ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಬಿಚ್ಚಿ ನೋಡಿದರೆ ಮಣ್ಣಿನ ಮೇಲೆ ಸ್ಪೋಕ್ ಸವರಿ ನುಣ್ಣಗೆ ಆಗಿತ್ತು. ಬ್ಲೇಡಿನಿಂದ ಕತ್ತರಿಸಿ ಅಳೆದೆ, 6 ಮಿ.ಮೀ. ಧಾರಾಳ.

ಬೋಲ್ಟ್ ಬಗ್ಗೆ ಸ್ವಲ್ಪ ಎಚ್ಚರ ಹೇಳಬೇಕು. ಫೋಕ್ಸ್‌ವ್ಯಾಗನ್ ಬೋಲ್ಟಿನ ಕೂರುವ ಭಾಗ ಚೆಂಡಿನ ಹಾಗೆ ದುಂಡಗಿದೆ. ಹೊರಗಿನ ವೀಲ್‌ಗಳಲ್ಲಿ ಬಹುತೇಕ ಶಂಕುವಿನ ಆಕಾರ, 60 ಡಿಗ್ರಿ. ಹಳೇ ಬೋಲ್ಟ್ ಹಾಕಿದರೆ ಬಿಗಿಯಾದಂತೆ ಅನಿಸುತ್ತೆ, ಆದರೆ ತಾಗುವುದು ತೆಳ್ಳನೆಯ ಒಂದು ಗೆರೆಯಷ್ಟೇ ಜಾಗ. ಓಡುತ್ತಾ ಸಡಿಲವಾಗುತ್ತೆ. ಹೊಸ ವೀಲ್ ಜೊತೆ ಎಂ14x1.5 ಶಂಕು ಬೋಲ್ಟ್ ಇಪ್ಪತ್ತೂ ಹೊಸದಾಗಿ ತರಿಸಿದೆ. ಹಳೇ ಬೋಲ್ಟ್ ಹಳೇ ವೀಲ್‌ನಲ್ಲಿ ಎಷ್ಟು ಸುತ್ತು ಒಳಗೆ ಹೋಗುತ್ತಿತ್ತೋ ಹೊಸದೂ ಅಷ್ಟೇ ಹೋಗುತ್ತಾ ಅಂತ ಎಣಿಸಿಯೇ ಮುಂದುವರಿದೆ.

ವೀಲ್‌ನ ನಡುವಿನ ತೂತು 66.6 ಮಿ.ಮೀ, ಅದು ಕೂರುವ ಗಾಡಿಯ ಹಬ್ 57.1. ನಡುವೆ ರಿಂಗ್ ಬೇಕು. ನಾಲ್ಕೂ ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿದು ಹೊರಟೆ. ಗಂಟೆಗೆ 90 ಕಿ.ಮೀ ದಾಟಿದ ಕೂಡಲೇ ಸ್ಟೀರಿಂಗ್ ನಡುಗಲು ಶುರುವಾಯಿತು. ಬ್ಯಾಲೆನ್ಸಿಂಗ್ ಎರಡನೇ ಸಲ ಮಾಡಿಸಿದರೂ ಹೋಗಲಿಲ್ಲ. ಮನೆಗೆ ಬಂದು ಬಿಚ್ಚಿದೆ. ಮುಂದಿನ ಬಲಗಡೆ ಹಬ್ ಮೇಲೆ ತುಕ್ಕಿನ ಒಂದು ಪದರ ಉಳಿದಿತ್ತು, ರಿಂಗ್ ಓರೆಯಾಗಿ ಕೂತಿತ್ತು. ವೈರ್ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿದೆ. ರಿಂಗ್ ಬೆರಳಲ್ಲಿ ಒತ್ತಿದರೆ ಟಪ್ ಅಂತ ಕೂತಿತು. ಚಕ್ರ ನೆಲಕ್ಕೆ ತಾಗುವ ಮೊದಲೇ ಬೋಲ್ಟ್‌ಗಳನ್ನು ಎದುರುಬದುರು ಕೈಯಲ್ಲಿ ಬಿಗಿದೆ. ಆಮೇಲೆ 120ರಲ್ಲೂ ನಡುಕ ಇಲ್ಲ.

ಐದನೇ ವಾರ

ಈಗ ಟೈರ್ ಸಮೇತ ಒಂದು ಚಕ್ರ 17.9 ಕೆಜಿ. ಮೂಲೆಗೆ ಮೂರೂವರೆ ಕೆಜಿ, ನಾಲ್ಕೂ ಸೇರಿ 14 ಕೆಜಿ ಉಳಿಯಿತು. ಎಳೆತದಲ್ಲಿ ನನಗೆ ಏನೂ ವ್ಯತ್ಯಾಸ ಗೊತ್ತಾಗಿಲ್ಲ, ಅದು ಲೆಕ್ಕ ಹೇಳಿದ ಹಾಗೇ ಆಯಿತು. ಆದರೆ ದಿನಾ ಹೋಗುವ ದಾರಿಯಲ್ಲಿ ಕಿತ್ತುಹೋದ ಟಾರಿನ ಒಂದು ತುಣುಕಿದೆ. ಮೊದಲು ಅಲ್ಲಿ ಮುಂಭಾಗ ದಡದಡ ಅಂತ ಒದರುತ್ತಿತ್ತು. ಈಗ ಚಕ್ರ ತಾನೇ ಹತ್ತಿ ಇಳಿಯುತ್ತೆ, ಸದ್ದು ಬರುತ್ತೆ, ಪೆಟ್ಟು ಬರುವುದಿಲ್ಲ. ಇದರಲ್ಲಿ ಎಷ್ಟು ಪಾಲು ತೂಕದ್ದು, ಎಷ್ಟು ಪಾಲು ಎತ್ತರದ ಟೈರ್ ಗೋಡೆಯದು ಅಂತ ಬೇರೆ ಮಾಡಿ ಹೇಳೋಕಾಗಲ್ಲ. ತಿರುವಿಗೆ ಸ್ಟೀರಿಂಗ್ ಹಾಕಿದ ಮೊದಲ ಕ್ಷಣದಲ್ಲಿ ಆ ಹಳೇ ಚುರುಕು ಕೂದಲೆಳೆಯಷ್ಟು ಕಡಿಮೆಯಾಗಿದೆ. ಅಷ್ಟನ್ನು ಖುಷಿಯಿಂದ ಬಿಟ್ಟುಕೊಡುತ್ತೇನೆ.

ಈ ಗಾಡಿ ಗಾಳಿಯ ಒತ್ತಡವನ್ನು ಚಕ್ರದ ವೇಗ ಅಳೆಯುವ ಎಬಿಎಸ್ ಸೆನ್ಸರ್‌ನಿಂದ ಊಹಿಸುತ್ತೆ, ವೀಲ್ ಒಳಗೆ ಸೆನ್ಸರ್ ಇಲ್ಲ. ಹಾಗಾಗಿ ಒತ್ತಡ ಸರಿ ಮಾಡಿ ಮೆನುವಿನಲ್ಲಿ ಸೆಟ್ ಒತ್ತಿದರೆ ಸಾಕಾಯಿತು.

80 ಕಿ.ಮೀ ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ಮಾಡಿದೆ. ಎರಡು ಮಾತ್ರ ಕೂದಲಷ್ಟು ತಿರುಗಿದವು. ಪ್ರತಿ ಬೋಲ್ಟಿಗೂ ವೀಲಿಗೂ ಸೇರಿಸಿ ಬಿಳಿ ಪೇಂಟಿನ ಸಣ್ಣ ಗೆರೆ ಎಳೆದಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದಾಗ ಇಪ್ಪತ್ತೂ ಗೆರೆ ನೇರವಾಗೇ ಇದ್ದವು. ಮುಂದಿನ ವಾರ ಅಲೈನ್‌ಮೆಂಟ್.