ರಿಟೈರ್ ಆದ ಮೇಲೆ ಬರೆಯೋಕೆ ಏನಿದೆ?

ನಮ್ಮ ಬ್ಯಾಚಿನವರ ಸುದ್ದಿಯನ್ನೆಲ್ಲ ಕಲೆಹಾಕಿ ವರ್ಷಕ್ಕೆರಡು ಸಲ ಎಲ್ಲರಿಗೂ ಕಳಿಸುವುದು ನನ್ನ ಕೆಲಸ. ಯಾರೂ ನೇಮಿಸಿದ್ದಲ್ಲ. ಪದವಿ ಮುಗಿದ ವರ್ಷ ಎಲ್ಲರ ವಿಳಾಸ ಬರೆದುಕೊಂಡವನು ನಾನು. ಆ ತಪ್ಪಿಗೆ ನಲವತ್ತು ವರ್ಷ ದಾಟಿದರೂ ಬಿಡುಗಡೆ ಸಿಕ್ಕಿಲ್ಲ. ಈಗೀಗ ಫೋನ್ ಮಾಡಿ "ನಿನ್ನ ಸುದ್ದಿ ಎರಡು ಸಾಲು ಕಳಿಸು" ಅಂದರೆ ಹತ್ತರಲ್ಲಿ ಎಂಟು ಜನ ಒಂದೇ ಮಾತು ಕೇಳುತ್ತಾರೆ: "ರಿಟೈರ್ ಆಗಿದ್ದೀನಲ್ಲೋ, ಇನ್ನು ಬರೆಯೋಕೆ ಏನಿದೆ?"

ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಒಟ್ಟಿಗೇ ಹೇಳಿಬಿಡುತ್ತೇನೆ.

ಮೊದಲ ಇಪ್ಪತ್ತು ವರ್ಷದ ಸುದ್ದಿಗಳನ್ನು ಈಗ ತೆಗೆದು ಓದಿದರೆ ಯಾರದು ಯಾವುದು ಅಂತಲೇ ಗೊತ್ತಾಗುವುದಿಲ್ಲ. ಕೆಲಸ ಸಿಕ್ಕಿತು, ಮದುವೆ ಆಯಿತು, ಬಡ್ತಿ ಬಂತು, ವರ್ಗವಾಯಿತು. ಹೆಸರು ಅದಲು ಬದಲು ಮಾಡಿದರೂ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಅರವತ್ತರ ನಂತರ ಬಂದ ಸುದ್ದಿಗಳೇ ಓದೋಕೆ ಚೆನ್ನ. ಆದರೆ ಅವನ್ನು ಬರೆಸುವಷ್ಟರಲ್ಲಿ ಸಾಕು ಸಾಕಾಗುತ್ತದೆ.

ಗೆಳೆಯನೊಬ್ಬ ಮೂರು ಪುಟ ಕಳಿಸಿದ್ದ. ಹಿಡಿದ ಹುದ್ದೆಗಳ ಪಟ್ಟಿ, ಪ್ರತಿಯೊಂದಕ್ಕೂ ಇಸವಿ. ಕೊನೆಯಲ್ಲಿ ಒಂದೇ ಸಾಲು: "ಈಗ ಮನೆಯಲ್ಲೇ ಇದ್ದೇನೆ." ನಾನು ಫೋನ್ ಮಾಡಿ, ಮನೆಯಲ್ಲೇ ಇದ್ದು ಏನು ಮಾಡ್ತೀಯಾ ಅಂತ ಕೇಳಿದೆ. "ಏನಿಲ್ಲ, ಸುಮ್ನೆ" ಅಂದ. ಕೆದಕಿದಾಗ ಬಾಯಿ ಬಿಟ್ಟ. ನೆಂಟರ ಮನೆಗಳಲ್ಲಿ ನಿಂತುಹೋದ ಗೋಡೆ ಗಡಿಯಾರಗಳನ್ನು ತಂದು ಬಿಚ್ಚುತ್ತಾನಂತೆ. ಹನ್ನೊಂದು ಬಿಚ್ಚಿದ್ದಾನೆ, ಏಳು ಓಡುತ್ತಿವೆ. ಏಳೂ ಬೇರೆ ಬೇರೆ ಟೈಮ್ ತೋರಿಸುತ್ತವೆ, ಹಾಗಾಗಿ ಅವನ ಮನೆಯಲ್ಲಿ ಹನ್ನೆರಡು ಗಂಟೆ ಹೊಡೆಯೋಕೆ ಕಾಲು ಗಂಟೆ ಹಿಡಿಯುತ್ತದೆ. ಮೂರು ಪುಟ ಪಕ್ಕಕ್ಕಿಟ್ಟು ಇಷ್ಟನ್ನೇ ಹಾಕಿದೆ. ಅವನು ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ನಾಲ್ಕು ಜನ ಅವನಿಗೆ ತಮ್ಮ ಮನೆಯ ಗಡಿಯಾರ ಕಳಿಸಿದರು.

ಇನ್ನು ಕೆಲವರು ಸುದ್ದಿ ಕೇಳಿದರೆ ಜಾನ್ ಗುಡ್‌ಇನಫ್ ಕಥೆ ಫಾರ್ವರ್ಡ್ ಮಾಡುತ್ತಾರೆ. 1944ರಲ್ಲಿ ಯೇಲ್‌ನಲ್ಲಿ ಗಣಿತದ ಪದವಿ ಪಡೆದವರು, ಲಿಥಿಯಂ ಬ್ಯಾಟರಿ ಕೆಲಸಕ್ಕೆ 2019ರಲ್ಲಿ, 97ನೇ ವಯಸ್ಸಿನಲ್ಲಿ ನೊಬೆಲ್ ಪಡೆದವರು. ದೊಡ್ಡ ಮನುಷ್ಯ, ಎರಡು ಮಾತಿಲ್ಲ. ಆದರೆ ಇದನ್ನು ಓದಿದ ಉಳಿದವರು "ಅವರ ಮುಂದೆ ನಾವೇನು" ಅಂತ ಇನ್ನಷ್ಟು ಸುಮ್ಮನಾಗುತ್ತಾರೆ. ಕಥೆಯ ಇನ್ನೊಂದು ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅವರು ಮೊದಲು ಆಕ್ಸ್‌ಫರ್ಡ್‌ನಲ್ಲಿದ್ದರು. ಅಲ್ಲಿ ಕಡ್ಡಾಯ ನಿವೃತ್ತಿ ಹತ್ತಿರ ಬಂದಿತ್ತು. ಅದಕ್ಕೇ 1986ರಲ್ಲಿ ಟೆಕ್ಸಾಸ್‌ಗೆ ಹೋದರು. ಅದೇ ವರ್ಷ ಅಮೆರಿಕದಲ್ಲಿ ಹೆಚ್ಚಿನ ಕೆಲಸಗಳಿಗೆ ಕಡ್ಡಾಯ ನಿವೃತ್ತಿ ವಯಸ್ಸನ್ನು ತೆಗೆದುಹಾಕುವ ಕಾನೂನು ಬಂತು, ಪ್ರೊಫೆಸರ್‌ಗಳಿಗೂ ಅದು 1994ರಿಂದ ಅನ್ವಯಿಸಿತು. ಅಂದರೆ ಎಪ್ಪತ್ತರಲ್ಲೂ ಕುರ್ಚಿ ಇರುವುದು ಬರೀ ಹುರುಪಿನಿಂದಲ್ಲ, ನಿಯಮವೂ ಬಿಡಬೇಕು. ಕುರ್ಚಿ ಬಿಟ್ಟೆ ಅಂತ ನಾಚಿಕೊಳ್ಳುವಂಥದ್ದು ಏನಿದೆ, ಅಲ್ವಾ?

ರಿಟೈರ್ ಆದ ಮೊದಲ ಆರು ತಿಂಗಳಲ್ಲಿ ಬರೆದ ಸುದ್ದಿಯನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ. ಅದರಲ್ಲಿ ಬರೀ ಪ್ರವಾಸ, ನಿದ್ದೆ, ಸ್ವರ್ಗ. ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ 1970ರ ದಶಕದಲ್ಲೇ ಇದನ್ನು ಮಧುಚಂದ್ರದ ಹಂತ ಅಂತ ಕರೆದಿದ್ದರು. ಅದರ ಹಿಂದೆಯೇ ಭ್ರಮನಿರಸನದ ಹಂತ, ಆಮೇಲೆ ದಿನಚರಿಯನ್ನು ಹೊಸದಾಗಿ ಜೋಡಿಸಿಕೊಳ್ಳುವ ಹಂತ. ಎಲ್ಲರೂ ಇದೇ ದಾರಿಯಲ್ಲಿ ಹೋಗುವುದಿಲ್ಲ. ಆದರೆ ನನ್ನ ಫೈಲಿನಲ್ಲಿ ಇದು ಬಹಳ ಸಲ ಕಾಣುತ್ತದೆ. ಎರಡನೇ ಹಂತದಲ್ಲಿ ಪತ್ರವೇ ಬರುವುದಿಲ್ಲ. ನಾನಾಗಿ ಫೋನ್ ಮಾಡುವುದು ಆಗಲೇ.

ಬರೆಯದವರೇ ನನಗೆ ಹೆಚ್ಚು ಚಿಂತೆ. ವ್ಯಾಪಾರದಲ್ಲಿ ಕೈಸುಟ್ಟುಕೊಂಡವರು, ಮಕ್ಕಳೊಂದಿಗೆ ಮಾತು ಬಿಟ್ಟವರು, ಜೊತೆಗಾರರನ್ನು ಕಳೆದುಕೊಂಡವರು. "ನಮ್ಮದು ಹಾಕುವಂಥ ಸುದ್ದಿಯಲ್ಲ" ಅನ್ನುತ್ತಾರೆ. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾದ ಒಂದು ಅಧ್ಯಯನವಿದೆ. ಅಲ್ಲಿನ ಒಟ್ಟು 268 ವಿದ್ಯಾರ್ಥಿಗಳಿಗೆ ಅವರು ಮುದುಕರಾಗುವವರೆಗೂ ಎರಡು ವರ್ಷಕ್ಕೊಮ್ಮೆ ಪ್ರಶ್ನೆ ಕಳಿಸುತ್ತಿದ್ದರು: ಕೆಲಸ ಹೇಗಿದೆ, ಸಂಸಾರ ಹೇಗಿದೆ, ಮೈ ಹೇಗಿದೆ. ಎಂಬತ್ತರಲ್ಲಿ ಯಾರ ಆರೋಗ್ಯ ಚೆನ್ನಾಗಿರುತ್ತದೆ ಅನ್ನುವುದಕ್ಕೆ, ಐವತ್ತರಲ್ಲಿದ್ದ ಕೊಲೆಸ್ಟ್ರಾಲ್‌ಗಿಂತ ಆಗ ತನ್ನವರ ಜೊತೆ ಎಷ್ಟು ಚೆನ್ನಾಗಿದ್ದ ಅನ್ನುವುದೇ ಒಳ್ಳೆಯ ಸುಳಿವು ಅಂತ ಅದರ ನಿರ್ದೇಶಕರು ಹೇಳಿದ್ದಾರೆ. ಅವರು ಕೇಳಿದ್ದೂ ಒಂಥರಾ ಬ್ಯಾಚಿನ ಸುದ್ದಿಯೇ. ಬಿದ್ದವರದನ್ನೂ ಎದ್ದವರದನ್ನೂ ಒಂದೇ ಸಮ ಕೇಳಿದರು. ನನ್ನ ಹಾಳೆಯಲ್ಲಿ ಮಾತ್ರ ಎದ್ದವರು ಜಾಸ್ತಿ.

ಆದ್ದರಿಂದ ಉತ್ತರ ಇಷ್ಟೇ: ಹುದ್ದೆ ಬಿಡಿ, ಕಳೆದ ವಾರ ಏನಾಯಿತು ಅದನ್ನು ಬರೆಯಿರಿ. ಬರೆಯೋಕೆ ಆಗದಿದ್ದರೆ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಹಾಕಬೇಡ ಅಂದರೆ ಹಾಕುವುದಿಲ್ಲ.

ಹೋದ ಸಲ ಗೆಳತಿಯೊಬ್ಬಳು ನಾಲ್ಕು ಸಾಲು ಕಳಿಸಿದ್ದಳು. ಮೂವತ್ತು ವರ್ಷ ಪಾಠ ಮಾಡಿದವಳು, ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಕಿವಿಗೆ ಯಂತ್ರ ಹಾಕಿಸಿಕೊಂಡೆ. ಮೊದಲ ರಾತ್ರಿ ಮನೆಯಲ್ಲಿ ಯಾರೋ ಗೊಣಗಿದ ಹಾಗಾಯಿತು. ಎದ್ದು ದೀಪ ಹಾಕಿ ಮನೆಯೆಲ್ಲ ಹುಡುಕಿದೆ. ಫ್ರಿಜ್ಜು!

ಅದಕ್ಕೆ ಒಂಬತ್ತು ಉತ್ತರ ಬಂದವು. ಐದು ಜನ ನಕ್ಕಿದ್ದರು. ನಾಲ್ಕು ಜನ, ಯಾರಿಗೂ ಹೇಳಬೇಡ ಅಂತ ನನಗೆ ಮಾತ್ರ ಬರೆದಿದ್ದರು, ಆ ಯಂತ್ರ ಎಲ್ಲಿ ಸಿಗುತ್ತದೆ ಕೇಳಿ ಹೇಳು ಅಂತ.